ಕೋಲ್ಡ್ ಸ್ಟೋರೇಜ್ ಸಾಫ್ಟ್‌ವೇರ್ ಹೊರಗ ಮಾಡಿಸೋದೈತಿ: 18 ಲಕ್ಷದ ಕೊಟೇಶನ್‌ನಾಗ ‘ಟೆಸ್ಟಿಂಗ್ ಸೇರಿದೆ’ ಅಂತ ಒಂದ ಸಾಲು, ಸಾಕೇನ್ರಿ?

ಮೋಟೆಬೆನ್ನೂರ_ಗೋದಾಮು:
ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಡಗಿ ಕಡೆ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್, ಅದರ ಜೋಡಿ ದಲಾಲಿ ಅಂಗಡಿ. ಎರಡಕ್ಕೂ ಕೂಡಿ ಒಂದು ಸಾಫ್ಟ್‌ವೇರ್ ಬೇಕು: ಲಾಟ್ ಒಳಗ-ಹೊರಗ, ತೂಕ, ಬಾಡಿಗಿ, ರೈತರ ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ಖರೀದಿದಾರರ ಬಿಲ್ಲು, ಬ್ಯಾಂಕಿಗೆ ಅಡವು ಇಟ್ಟ ಲಾಟಿನ ಲೆಕ್ಕ, ರೈತರಿಗೆ ಕನ್ನಡದಾಗ ಮೆಸೇಜು. ಬೆಂಗಳೂರಿನ ಒಂದು ಕಂಪನಿ ಕೊಟೇಶನ್ ಕೊಟ್ಟೈತಿ. 18 ಲಕ್ಷ, ಮ್ಯಾಲೆ ಜಿಎಸ್‌ಟಿ, 6 ತಿಂಗಳು, ಫಿಕ್ಸೆಡ್ ರೇಟು. 40% ಅಡ್ವಾನ್ಸು, ‘ಡೆವಲಪ್‌ಮೆಂಟ್ ಮುಗಿದ ಮೇಲೆ’ 30%, ಡೆಲಿವರಿಗೆ 20%, ಶುರು ಆದ ಮ್ಯಾಲೆ 10%. ಟೆಸ್ಟಿಂಗ್ ಬಗ್ಗೆ ಇರೋದು ಎರಡ ಶಬ್ದ: ‘ಟೆಸ್ಟಿಂಗ್ ಸೇರಿದೆ’. ಸಹಿ ಇನ್ನೂ ಆಗಿಲ್ಲ. ಏನೇನು ಬರಸ್ಕೊಬೇಕು? 18 ಲಕ್ಷ 18ರಾಗ ನಿಲ್ಲತೈತೇನು?

ಉಣಕಲ್_ಕೆರೆದಂಡಿ:
40% ಅಡ್ವಾನ್ಸ? ಅದು ಅಡ್ವಾನ್ಸ್ ಅಲ್ರಿ, ವರದಕ್ಷಿಣಿ.

ಗೋಕುಲರೋಡ್_ಟೆಸ್ಟರ್:
ಸಾವ್ಕಾರ್ರ, ಅವರು ಟೆಸ್ಟಿಂಗ್ ಮಾಡೇ ಮಾಡ್ತಾರ. ಆದ್ರ ತಾವು ಬರೆದ ಕೋಡು ತಾವು ಅಂದ್ಕೊಂಡಂಗ ನಡಿತೈತಿಲ್ಲ ಅಂತ ನೋಡ್ತಾರ, ನಿಮ್ಮ ಗೋದಾಮಿನ್ಯಾಗ ನಡಿತೈತಿಲ್ಲ ಅಂತ ನೋಡಂಗಿಲ್ಲ. ‘ಟೆಸ್ಟಿಂಗ್ ಸೇರಿದೆ’ ಅನ್ನೋ ಸಾಲು ಅಳಿಸಿ, ಅದರ ಜಾಗಾದಾಗ ಇಷ್ಟು ಬರಸ್ರಿ.

ಮೊದಲನೇದು, ಪ್ರತಿಯೊಂದು ಕೆಲಸಕ್ಕೂ ಒಪ್ಪಿಗೆಯ ನಿಯಮ. ‘ಬಾಡಿಗಿ ಲೆಕ್ಕ ಬರಬೇಕು’ ಅಂತ ಬರದ್ರ ಉಪಯೋಗ ಇಲ್ಲ. ‘100 ಚೀಲ ಒಳಗ ಬಂದು, 40 ಚೀಲ ಮಧ್ಯಾನೇ ಹೊರಗ ಹೋದ್ರ, ಉಳಿದ 60ಕ್ಕ ಬಾಡಿಗಿ ಇಷ್ಟ ಬರಬೇಕು’ ಅಂತ ಅಂಕಿ ಹಾಕಿ ಬರೀರಿ. ನಿಮ್ಮ ಹಳೇ ಖಾತೆ ಪುಸ್ತಕದಾಗಿಂದ ಮೂವತ್ತು-ನಲವತ್ತು ಖರೇ ಲಾಟು ಆರಿಸ್ರಿ, ಗುಮಾಸ್ತರ ಕಡಿಂದ ಉತ್ತರ ತೆಗಸ್ರಿ. ಆ ಹಾಳಿನೇ ಒಪ್ಪಂದಕ್ಕ ಹಚ್ಚೋ ಅನುಬಂಧ.

ಎರಡನೇದು, ದೋಷದ ದರ್ಜೆ. ಒಂದನೇ ದರ್ಜೆ ಅಂದ್ರ ಕೆಲಸ ನಿಂತೈತಿ ಅಥವಾ ರೊಕ್ಕದ ಲೆಕ್ಕ ತಪ್ಪೈತಿ. ಎರಡನೇದು, ಮುಖ್ಯ ಕೆಲಸ ಆಗವಲ್ದು, ಆದ್ರ ಸುತ್ತು ಹಾಕಿ ಮಾಡಬಹುದು. ಮೂರನೇದು ಕಿರಿಕಿರಿ, ನಾಲ್ಕನೇದು ಬರೇ ಅಂದಚೆಂದ. ಒಂದು-ಎರಡನೇ ದರ್ಜೆದ್ದು ಸೊನ್ನೆ ಆಗೋತನಕ, ಮೂರನೇದ್ದು ಐದಕ್ಕಿಂತ ಕಡಿಮಿ ಆಗೋತನಕ ಸಹಿ ಇಲ್ಲ. ಮತ್ತ ದರ್ಜೆ ಹಾಕೋರು ನೀವು, ಅವರಲ್ಲ. ಇದನ್ನ ಬಿಟ್ರ ಪೈಸೆ ತಪ್ಪಿದ್ದೂ ನಾಲ್ಕನೇ ದರ್ಜೆಗೆ ಹೋಗಿ ಕುಂದರ್ತೈತಿ.

ಮೂರನೇದು, ಟೆಸ್ಟ್ ಸರ್ವರ್ ಬ್ಯಾರೆ, ಖರೇ ಸರ್ವರ್ ಬ್ಯಾರೆ. ಎರಡರ ಖರ್ಚು ಯಾರದು ಅನ್ನೋದನ್ನೂ ಬರಸ್ರಿ.

ಲೆಕ್ಕದ_ಗದಗ:
ರೊಕ್ಕದ ಕಡೆ ನಾ ಹೇಳ್ತೀನ್ರಿ. 18 ಲಕ್ಷ ಅನ್ನೋದು ಅವರ ರೇಟು, ನಿಮ್ಮ ಬಜೆಟ್ ಅಲ್ಲ. ಹಿಂಗ ಹಾಕ್ರಿ: ಕೆಲಸ 18, ಬದಲಾವಣಿಗೆ ಮೀಸಲು 15% ಅಂದ್ರ 2.7, ಹೊರಗಿನ ಟೆಸ್ಟರ್‌ಗೆ ಅಂದಾಜು 1.8, ಹಳೇ ಲೆಕ್ಕ ಹೊಸದಕ್ಕ ಸಾಗಿಸೋದು 1.2. ಒಟ್ಟು 23.7. ಇದರ ಮ್ಯಾಲೆ 18% ಜಿಎಸ್‌ಟಿ ಸೇರಿಸಿದ್ರ 28 ಲಕ್ಷದ ಹತ್ತರ. ಎರಡನೇ ವರ್ಷದಿಂದ ನಿರ್ವಹಣೆ ಬ್ಯಾರೆ, ಸಾಮಾನ್ಯವಾಗಿ ಮೂಲ ಬೆಲೆಯ 15ರಿಂದ 20% ಕೇಳ್ತಾರ.

ಇಲ್ಲೊಂದು ಮಾತು ಭಾಳ ಮಂದಿ ಮರೀತಾರ. ಆ ಜಿಎಸ್‌ಟಿ ಪೂರ್ತಿ ವಾಪಸ್ ಸಿಗತೈತಿ ಅಂತ ಲೆಕ್ಕ ಹಾಕಬ್ಯಾಡ್ರಿ. ನಿಮ್ಮ ವಹಿವಾಟಿನ್ಯಾಗ ಒಂದಿಷ್ಟು ತೆರಿಗೆ ವಿನಾಯಿತಿದು ಇದ್ರ, ಕೃಷಿ ಉತ್ಪನ್ನದ ದಾಸ್ತಾನು, ದಲಾಲಿ ಇಂಥಾವು, ಅಷ್ಟರ ಪಾಲಿನ ಇನ್‌ಪುಟ್ ಕ್ರೆಡಿಟ್ ಬಿಡಬೇಕಾಗತೈತಿ. ಆ ಪಾಲು ನೇರ ಖರ್ಚು. ಸಹಿ ಮಾಡೋ ಮೊದಲ ನಿಮ್ಮ ಸಿಎ ಕಡೆ ಆ ಅನುಪಾತ ತೆಗಸ್ರಿ. ಟಿಡಿಎಸ್ (ರೊಕ್ಕ ಕೊಡೋ ಮುಂದ ಮುರಕೊಳ್ಳೋ ತೆರಿಗೆ) ಹಿಡಿಯೋ ಮುಂದ ಬಿಲ್ಲಿನ್ಯಾಗ ಜಿಎಸ್‌ಟಿ ಬ್ಯಾರೆ ತೋರಿಸಿದ್ರ ಮೂಲ ಮೊತ್ತದ ಮ್ಯಾಲಷ್ಟ ಹಿಡೀರಿ.

ಕಂತು: 10% ಅಡ್ವಾನ್ಸ್. ಕೆಲಸಾನ ನಾಲ್ಕು ತುಂಡು ಮಾಡಿ, ಪ್ರತಿ ತುಂಡು ನೀವು ಓಡಿಸಿ ನೋಡಿ ಒಪ್ಪಿದ ಮ್ಯಾಲೆ 15%ದಂಗ 60%. ಪೂರ್ತಿ ಒಪ್ಪಿಗೆಗೆ 15%. ಶುರುವಾಗಿ 30 ದಿನ ದೊಡ್ಡ ತೊಂದ್ರಿ ಇಲ್ದ ನಡದ್ರ 10%. ವಾರಂಟಿ ಮುಗದ ಮ್ಯಾಲೆ ಉಳಿದ 5%. ‘ಡೆವಲಪ್‌ಮೆಂಟ್ ಮುಗಿದ ಮೇಲೆ’ ಅನ್ನೋ ಕಂತು ತಗದ ಹಾಕ್ರಿ. ಮುಗೀತು ಅಂತ ಹೇಳೋರು ಅವರ, ರೊಕ್ಕ ತಗೋಳೋರೂ ಅವರ.

ತಾರಿಹಾಳ_ಕೋಡು:
ಕಂಪನಿ ಕಡೆಯ ಮಾತೂ ಒಂದಿರಲಿ. 10% ಅಡ್ವಾನ್ಸಿಗೆ ಯಾವ ಒಳ್ಳೆ ತಂಡವೂ ಬರುವುದಿಲ್ಲ. ಮೊದಲ ತಿಂಗಳ ಸಂಬಳಕ್ಕೇ ಸಾಲದು. 20 ಕೊಡಿ, ತುಂಡಿಗೆ 12.5% ಮಾಡಿ, ಆಗ ಒಪ್ಪುತ್ತಾರೆ. ತೀರಾ ಹಿಂಡಿದರೆ ಹಿರಿಯರನ್ನು ಬೇರೆ ಕೆಲಸಕ್ಕೆ ಹಾಕಿ ನಿಮಗೆ ಹೊಸಬರನ್ನು ಕೊಡುತ್ತಾರೆ, ಅಷ್ಟೆ.

ಬಜೆಟ್ ಹಿಗ್ಗುವುದಕ್ಕೆ ಅರ್ಧ ಕಾರಣ ಗ್ರಾಹಕರೇ. ಪ್ರಶ್ನೆ ಕಳಿಸಿದರೆ ಹತ್ತು ದಿನ ಉತ್ತರವಿಲ್ಲ, ‘ಮಾರ್ಕೆಟ್ ದಿನ ಐತಿ’ ಅಂತಾರೆ. ಒಪ್ಪಿಗೆ ಪರೀಕ್ಷೆಗೆ ಕೂರಬೇಕಾದ ಗುಮಾಸ್ತರು ಇರುವುದಿಲ್ಲ, ಕೊನೆಗೆ ಮಾಲೀಕರ ಅಳಿಯ ಬಂದು ಬಣ್ಣ ಬದಲಿಸಿ ಅಂತಾರೆ. ಆದ್ದರಿಂದ ನಿಮ್ಮ ಕಡೆಯೂ ಗಡುವು ಬರೆಯಿರಿ: ಪ್ರಶ್ನೆಗೆ 2 ಕೆಲಸದ ದಿನದಲ್ಲಿ ಉತ್ತರ, ಉತ್ತರ ಕೊಡುವ ಒಬ್ಬರೇ ವ್ಯಕ್ತಿಯ ಹೆಸರು.

ಉಣಕಲ್_ಕೆರೆದಂಡಿ:
ಅಳಿಯನ ಮಾತು ಖರೇನ 😄

ಗೋಕುಲರೋಡ್_ಟೆಸ್ಟರ್:
@ತಾರಿಹಾಳ_ಕೋಡು 20% ನ್ಯಾಯದ ಮಾತ್ರಿ, ಒಪ್ಪಿದೆ. ಆದ್ರ ಬಜೆಟ್ ಒಡಿಯೋ ಖರೇ ಜಾಗ ಅಳಿಯ ಅಲ್ಲ. ‘ಇದು ಬಗ್ಗೋ (ಕೋಡಿನ ದೋಷನೋ), ಹೊಸ ಕೆಲಸನೋ’ ಅನ್ನೋ ಜಗಳ. ಬಗ್ ಆದ್ರ ಕಂಪನಿ ಖರ್ಚು, ಹೊಸ ಕೆಲಸ ಆದ್ರ ಗ್ರಾಹಕರ ಖರ್ಚು. ಅಂದ್ರ ಟೆಸ್ಟಿಂಗ್ ಹಾಳಿ ಯಾವುದೋ ಅದ ಬಜೆಟ್ ಹಾಳಿ.

ನಿಯಮ ಸರಳ ಇಡ್ರಿ. ಅನುಬಂಧದಾಗ ಬರದದ್ದು ಆಗ್ಲಿಲ್ಲಂದ್ರ ಬಗ್. ಬರದೇ ಇಲ್ದದ್ದು ಕೇಳಿದ್ರ ಹೊಸ ಕೆಲಸ. ನಡುವಿಂದು, ‘ಇದು ಹೇಳದನ ಗೊತ್ತಿರಬೇಕಿತ್ತು’ ಅನ್ನೋವಂಥಾದ್ದಕ್ಕ, ಕಂಪನಿ ಕಡಿಂದ ಇಂತಿಷ್ಟು ಮಾನವ-ದಿನ ಮೊದಲ ತಗದಿಡ್ರಿ, ಒಟ್ಟು ಶ್ರಮದ 5% ಇದ್ರ ಸಾಕು. ಅದು ತೀರೋತನಕ ಯಾರೂ ಜಗಳ ಆಡಂಗಿಲ್ಲ. ಹೊಸ ಕೆಲಸಕ್ಕ ದಿನದ ರೇಟು ಈಗ, ಸಹಿ ಮಾಡೋ ಮೊದಲ, ಬರಸ್ರಿ. ಐದನೇ ತಿಂಗಳದಾಗ ಕೇಳಿದ್ರ ಅವರು ಹೇಳಿದ್ದ ರೇಟು.

ಮತ್ತ ಬದಲಾವಣಿ ಅಂದಾಜಿನ್ಯಾಗ ಮೂರು ಸಂಖ್ಯೆ ಬ್ಯಾರೆ ಬ್ಯಾರೆ ಇರಬೇಕು: ಬರಿಯಾಕ ಎಷ್ಟು ದಿನ, ಅದನ್ನ ಪರೀಕ್ಷೆ ಮಾಡಾಕ ಎಷ್ಟು, ಹಳೇದು ಕೆಟ್ಟಿಲ್ಲ ಅಂತ ಮತ್ತ ನೋಡಾಕ ಎಷ್ಟು. ಮೂರನೇದನ್ನ ಬಿಟ್ಟು ಅಂದಾಜು ಕೊಟ್ರ ಅಗ್ಗ ಕಾಣತೈತಿ, ಆಮ್ಯಾಲೆ ಬಾಡಿಗಿ ಸರಿ ಮಾಡಾಕ ಹೋಗಿ ಪಟ್ಟಿ ಕೆಡತೈತಿ.

ಬೆಟಗೇರಿ_ಮಗ್ಗ:
ಕನ್ನಡದಾಗ ಮೆಸೇಜು ಅಂದ್ರಿ, ಅದರ ಬಗ್ಗೆ ಯಾರೂ ಮಾತಾಡ್ಲಿಲ್ಲ. ಬೆಂಗಳೂರಿನ ಕಂಪನಿ ಇದ್ರೂ ಕನ್ನಡ ಅಕ್ಷರ ಕೆಡೋ ಜಾಗ ಅವರಿಗೆ ಗೊತ್ತಿರತೈತಿ ಅಂತ ತಿಳ್ಕೊಬ್ಯಾಡ್ರಿ. ಇವನ್ನ ಒಪ್ಪಿಗೆ ಪಟ್ಟಿಗೆ ಸೇರಿಸ್ರಿ:

ಪಿಡಿಎಫ್ ಬಿಲ್ಲು. ಕನ್ನಡ ಅಕ್ಷರ ಜೋಡಿಸಾಕ ಬಾರದ ಲೈಬ್ರರಿ (ರೆಡಿ ಕೋಡು) ಬಳಸಿದ್ರ ಪರದೆ ಮ್ಯಾಲೆ ಚೆಂದ ಕಾಣೋ ‘ಸಿದ್ದಪ್ಪ’ ಪಿಡಿಎಫ್‌ನಾಗ ಒತ್ತು ಬಿಟ್ಟು ಹರದು ಕಾಣತೈತಿ. ಒತ್ತಕ್ಷರ, ಅರ್ಕಾವೊತ್ತು, ದೀರ್ಘ ಎಲ್ಲಾ ಇರೋ ಹೆಸರು ಇಪ್ಪತ್ತು ಕೊಟ್ಟು ಪ್ರಿಂಟ್ ತಗಸ್ರಿ.

ಥರ್ಮಲ್ ಪ್ರಿಂಟರ್. ಗೇಟಿನ್ಯಾಗಿನ ಚೀಟಿ ಪ್ರಿಂಟರ್‌ಗೆ ಸಾಮಾನ್ಯವಾಗಿ ಕನ್ನಡ ಫಾಂಟ್ ಇರಂಗಿಲ್ಲ, ಚಿತ್ರ ಮಾಡಿ ಕಳಸಬೇಕು, ವೇಗ ಇಳೀತೈತಿ. ಗಾಡಿ ಸಾಲು ಹಚ್ಚಿದಾಗ ಚೀಟಿಗೆ ಎಷ್ಟು ಸೆಕೆಂಡು ಅಂತ ಗಡಿಯಾರ ಹಿಡಿದು ನೋಡ್ರಿ.

ಹಳೇ ಡೇಟಾ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನ್ಯಾಗ ಟೈಪ್ ಮಾಡಿದ ಎಕ್ಸೆಲ್ ಇದ್ರ ಅದು ಯೂನಿಕೋಡ್ (ಎಲ್ಲಾ ಕಂಪ್ಯೂಟರ್ ಓದೋ ಅಕ್ಷರ ಸಂಕೇತ) ಅಲ್ಲ, ಪರಿವರ್ತನೆ ಬೇಕು. ಒಂದ ಕಾಲಮ್ಮಿನ್ಯಾಗ ಕನ್ನಡ-ಇಂಗ್ಲಿಷ್ ಕಲಸಿದ್ರ ಇಂಗ್ಲಿಷ್ ಅಕ್ಷರನೂ ಕನ್ನಡದ ಕಸ ಆಗತಾವ. ರೈತರ ಹೆಸರು, ಊರು ಎಲ್ಲಾ ಸಾಗಿಸಿದ ಮ್ಯಾಲೆ ಸಾಲಿನ ಸಂಖ್ಯೆ, ಬಾಕಿ ಮೊತ್ತ ಎರಡೂ ಹಳೇದಕ್ಕ ಪೈಸೆ ಸಮೇತ ತಾಳೆ ಆಗಬೇಕು.

ಎಸ್‌ಎಂಎಸ್. ಇಂಗ್ಲಿಷ್‌ದಾಗ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಾಗ 70. ಉದ್ದ ಆದ್ರ ಒಂದೊಂದು ತುಂಡಿಗೆ 67. ಅದೂ ‘ಕ್ಕಿ’ ಅನ್ನೋದು ಎಣಿಕೆಯಾಗ 4. ಹಂಗಾಗಿ ‘ನಿಮ್ಮ ಲಾಟ್ ಬಂದಿದೆ, ಇಷ್ಟು ಚೀಲ, ಇಷ್ಟು ತೂಕ’ ಅನ್ನೋ ಮೆಸೇಜಿಗೆ ರೈತರ ಹೆಸರು, ಲಾಟ್ ನಂಬರ್, ನಿಮ್ಮ ಸಂಸ್ಥೆ ಹೆಸರು ಕೂಡಿದ್ರ ಎರಡು ತುಂಡು ಆಗಬಹುದು. ವರ್ಷಕ್ಕ ಎಷ್ಟು ಹೋಗತಾವ ಅಂತ ಗುಣಿಸಿ ಬಜೆಟ್‌ನಾಗ ಹಾಕ್ರಿ. ಡಿಎಲ್‌ಟಿ ನೋಂದಣಿ (ವ್ಯಾಪಾರದ ಎಸ್‌ಎಂಎಸ್ ಕಳಸಾಕ ಬೇಕಾದದ್ದು), ಮೆಸೇಜಿನ ತಲೆಹೆಸರು ನಿಮ್ಮ ಸಂಸ್ಥೆ ಹೆಸರಿನ್ಯಾಗ ಮಾಡಸ್ರಿ, ಕಂಪನಿ ಹೆಸರಿನ್ಯಾಗ ಬ್ಯಾಡ.

ಕಪ್ಪತಗುಡ್ಡ_ಗಾಳಿ:
ಹುಡುಕೋದೂ ಸೇರಿಸ್ರಿ. ‘ರ್ಯ’ ಮತ್ತ ‘ರ‍್ಯ’ ಬ್ಯಾರೆ ಬ್ಯಾರೆ ಕೋಡು, ಒಂದ ಟೈಪ್ ಮಾಡಿದ್ರ ಇನ್ನೊಂದು ಸಿಗಂಗಿಲ್ಲ. ಒಬ್ಬ ರೈತನ ಹೆಸರಿನ್ಯಾಗ ಎರಡು ಖಾತೆ ಹುಟ್ಟೋದು ಹಿಂಗ.

ಸಾಧನಕೇರಿ_ವಕೀಲಿ:
ಒಪ್ಪಂದದ ಬಗ್ಗೆ ನಾಲ್ಕು ಮಾತು. ಇವು ಮೂಲಭೂತ ಸಂಗತಿಗಳು, ಕರಡು ಮಾಡುವಾಗ ನಿಮ್ಮ ವಕೀಲರನ್ನು ಕೂರಿಸಿಕೊಳ್ಳಿ.

ಕಂಪನಿ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇರುವ ಮೈಕ್ರೋ ಅಥವಾ ಸ್ಮಾಲ್ ಸಂಸ್ಥೆಯಾಗಿದ್ದರೆ 2006ರ ಎಂಎಸ್‌ಎಂಇ ಕಾಯಿದೆ ಅನ್ವಯಿಸುತ್ತದೆ. ಡೆಲಿವರಿ ಆದ 15 ದಿನದೊಳಗೆ ನೀವು ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ಅಲ್ಲಿಂದ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಹಾಗಾಗಿ ಫೋನಿನಲ್ಲಿ ‘ಸರಿ ಇಲ್ಲ’ ಅಂದರೆ ಸಾಲದು. ದೋಷಪಟ್ಟಿ ಇ-ಮೇಲಿನಲ್ಲಿ ಆ 15 ದಿನದೊಳಗೆ ಹೋಗಿರಬೇಕು. ಟೆಸ್ಟಿಂಗ್ ತಡವಾದರೆ ಕಾನೂನಿನಲ್ಲೂ ಬೆಲೆ ತೆರಬೇಕಾಗುವುದು ಇಲ್ಲಿಯೇ.

ಕೋಡಿನ ಹಕ್ಕು. ಹಣ ಕೊಟ್ಟ ಮಾತ್ರಕ್ಕೆ ಕೋಡು ನಿಮ್ಮದಾಗುವುದಿಲ್ಲ. 1957ರ ಕಾಪಿರೈಟ್ ಕಾಯಿದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂದು ಸೇರಿಸಿ.

ತಡವಾದರೆ ದಂಡ. ಮನಸ್ಸಿಗೆ ಬಂದ ಮೊತ್ತ ಬರೆದರೆ ಕೋರ್ಟು ಪೂರ್ತಿ ಕೊಡಿಸುವುದಿಲ್ಲ. 1872ರ ಕರಾರು ಕಾಯಿದೆಯ 74ನೇ ಕಲಮು ‘ಸಮಂಜಸ ಪರಿಹಾರ’ ಎನ್ನುತ್ತದೆ, ಬರೆದ ಮೊತ್ತ ಅದಕ್ಕೆ ಮೇಲ್ಮಿತಿ. ವಾರಕ್ಕೆ 0.5ರಿಂದ 1%, ಒಟ್ಟು 10% ಮೀರದಂತೆ ಇಟ್ಟರೆ ಇಬ್ಬರಿಗೂ ನಡೆಯುತ್ತದೆ. ವ್ಯಾಜ್ಯದ ಜಾಗ ಬೆಂಗಳೂರು ಎಂದಿದ್ದರೆ ಹಾವೇರಿ ಅಥವಾ ಹುಬ್ಬಳ್ಳಿ ಎಂದು ಬದಲಿಸಲು ಕೇಳಿ.

ತಾರಿಹಾಳ_ಕೋಡು:
ದಂಡ ಬರೆಸಿದಷ್ಟೂ ಅವರು ಕೊಟೇಶನ್‌ನಲ್ಲಿ ಮೊದಲೇ ಏರಿಸುತ್ತಾರೆ. ಕಂತು ಸರಿಯಾಗಿ ಕಟ್ಟಿದ್ದರೆ ದಂಡದ ಕಲಮೇ ಬೇಕಿಲ್ಲ.

ಸಾಧನಕೇರಿ_ವಕೀಲಿ:
ಕಂತು ತಡೆಹಿಡಿಯುವುದಕ್ಕೂ ಆಧಾರ ಬೇಕಲ್ಲ ಸರ. ಇಲ್ಲದಿದ್ದರೆ ನೀವೇ ನೋಟಿಸ್ ಕಳಿಸುತ್ತೀರಿ.

ನವನಗರ_ಪ್ಲಾನು:
ಫಿಕ್ಸೆಡ್ ಬಿಟ್ಟು ತಿಂಗಳ ಲೆಕ್ಕದಾಗ ಹೋದ್ರ ಗಳಿಕೆ ಮೌಲ್ಯದ (ಖರೇ ಆದ ಕೆಲಸದ ಬೆಲೆಯ) ಲೆಕ್ಕ ಇಡಲೇಬೇಕ್ರಿ. ಉದಾಹರಣೆಗೆ ಮೂರು ತಿಂಗಳಿಗೆ ಅರ್ಧ ಕೆಲಸ ಅಂದ್ರ 9 ಲಕ್ಷದ್ದು ಆಗಬೇಕಿತ್ತು. ಆದದ್ದು 35%, ಅಂದ್ರ 6.3 ಲಕ್ಷದ್ದು. ಖರ್ಚಾದದ್ದು 10.8. ಆದದ್ದನ್ನ ಖರ್ಚಿನಿಂದ ಭಾಗಿಸ್ರಿ: 0.5833. 18ನ್ನ ಅದರಿಂದ ಭಾಗಿಸಿದ್ರ 30.86 ಲಕ್ಷ. ಇದ ಚಾಲಿ ಮುಂದವರದ್ರ ಮುಗಿಯೋ ಹೊತ್ತಿಗೆ ಬೀಳೋ ಖರ್ಚು ಅದು. ಮೂರನೇ ತಿಂಗಳದಾಗ ಗೊತ್ತಾದ್ರ ಕೆಲಸ ಕಡಿಮಿ ಮಾಡಬಹುದು, ಐದರಾಗ ಗೊತ್ತಾದ್ರ ರೊಕ್ಕ ಹುಡುಕಬೇಕು.

ಒಂದು ಷರತ್ತು: ‘90% ಆಗೈತಿ’ ಅನ್ನೋ ಮಾತು ಲೆಕ್ಕಕ್ಕ ತಗೋಬ್ಯಾಡ್ರಿ. ಒಪ್ಪಿಗೆ ಪರೀಕ್ಷೆ ದಾಟಿದ್ರ 100, ಇಲ್ಲಂದ್ರ 0.

ಕಪ್ಪತಗುಡ್ಡ_ಗಾಳಿ:
18 ಲಕ್ಷದ ಕೆಲಸಕ್ಕ ಇಷ್ಟೆಲ್ಲಾ ಯಾಕ್ರಿ. ಒಂದು ಎಕ್ಸೆಲ್ ಹಾಳಿ: ಒಪ್ಪಿದ್ದೆಷ್ಟು, ಕೊಟ್ಟದ್ದೆಷ್ಟು.

ನವನಗರ_ಪ್ಲಾನು:
ನಾ ಹೇಳಿದ್ದೂ ಅದ ಎಕ್ಸೆಲ್ಲು, ಒಂದು ಭಾಗಾಕಾರ ಜಾಸ್ತಿ.

ಉಣಕಲ್_ಕೆರೆದಂಡಿ:
ಟೆಸ್ಟಿಂಗ್‌ನಾಗ ಸಿಕ್ಕ ಬಗ್ಗಿಗಿಂತ ಆಮ್ಯಾಲೆ ಸಿಕ್ಕ ಬಗ್ಗಿಗೆ 100 ಪಟ್ಟು ಖರ್ಚು ಅಂತಾರಲ್ಲ, ಅದನ್ನ ಹೇಳಿ ಅವರನ್ನ ಒಪ್ಪಿಸ್ರಿ.

ಗೋಕುಲರೋಡ್_ಟೆಸ್ಟರ್:
ಆ 100 ಪಟ್ಟಿನ ಅಂಕಿ ಸ್ಲೈಡಿಂದ ಸ್ಲೈಡಿಗೆ ಹಾರಿ ಬಂದದ್ದು, ಹಿಂದ ಹಿಡ್ಕೊಂಡು ಹೋದ್ರ ಗಟ್ಟಿ ಅಧ್ಯಯನ ಸಿಗಂಗಿಲ್ಲ. ತಡ ಆದಷ್ಟು ದುಬಾರಿ ಅನ್ನೋದು ಖರೆ, ಯಾಕಂದ್ರ ಕೋಡಿನ ಜೋಡಿ ಹಾಳಾದ ಡೇಟಾನೂ ತಿದ್ದಬೇಕು. ಬಾಡಿಗಿ ತಪ್ಪು ಸೂತ್ರದಾಗ ಎರಡು ತಿಂಗಳು ಬಿಲ್ ಆಗಿದ್ರ ಕೋಡು ಒಂದ ಸಾಲು ಬದಲಿ, ಬಿಲ್ಲು ಮಾತ್ರ ನೂರಾರು ರದ್ದು ಮಾಡಿ ಮತ್ತ ಬರೀಬೇಕು. ಇದನ್ನ ಹೇಳ್ರಿ, ಅಂಕಿ ಬ್ಯಾಡ.

ಮೋಟೆಬೆನ್ನೂರ_ಗೋದಾಮು:
ಎಲ್ಲಾರಿಗೂ ಧನ್ಯವಾದ್ರಿ. ಒಪ್ಪಿಗೆ ಪರೀಕ್ಷೆ ಮಾಡೋರು ಯಾರು? ಇರೋರು ಇಬ್ಬರು ಗುಮಾಸ್ತರು, ಗೇಟಿನ್ಯಾಗ ಒಬ್ಬರು, ತೂಕದ ಕಾಂಟಾ ಮ್ಯಾಲೆ ಒಬ್ಬರು. ಸೋಮವಾರ, ಗುರುವಾರ ಮಾರ್ಕೆಟ್, ಆ ದಿನ ಯಾರೂ ಸಿಗಂಗಿಲ್ಲ.

ಕಪ್ಪತಗುಡ್ಡ_ಗಾಳಿ:
ವಿದ್ಯಾನಗರದ ಕಾಲೇಜಿನ ಹುಡುಗುರನ್ನ ಹಿಡೀರಿ, ಗಿರಮಿಟ್ಟು-ಮಿರ್ಚಿ ಕೊಡಿಸಿದ್ರ ಬಗ್ ಹುಡುಕಿ ಕೊಡ್ತಾರ.

ಬೆಟಗೇರಿ_ಮಗ್ಗ:
ಮಿರ್ಚಿ ಬ್ಯಾಡಗಿಯವರ ಕೊಡಬೇಕು ಮತ್ತ 😄 ಆದ್ರ ಹುಡುಗುರಿಗೆ ಕೊಡೋದು ಪಗಾರನ ಕೊಡ್ರಿ.

ಗೋಕುಲರೋಡ್_ಟೆಸ್ಟರ್:
ಹುಡುಗುರು ಬಟನ್ ಒತ್ತಿ ಕೆಡಸಾಕ ಬರೋಬ್ಬರಿ, ಲಾಟಿನ ವ್ಯವಹಾರ ಗೊತ್ತಿರಂಗಿಲ್ಲ. ಅನುಭವ ಇರೋ ಒಬ್ಬ ಟೆಸ್ಟರ್‌ನ ಬ್ಯಾರೆ ಕಡಿಂದ ತಗೋರಿ, ಕಂಪನಿಯವರು ತೋರಿಸಿದವರನ್ನ ಅಲ್ಲ. ನಿಮ್ಮ ಗುಮಾಸ್ತರು ಮಂಗಳವಾರ, ಬುಧವಾರ ಎರಡೆರಡು ತಾಸು ಅವರ ಜೋಡಿ ಕುಂತ್ರ ಸಾಕು. ಕಡ್ಡಾಯ ನೋಡಬೇಕಾದ್ದು ಇವು:

ಅಡವು ಲಾಟು. ಬ್ಯಾಂಕಿನ ಒಪ್ಪಿಗೆ ಪತ್ರ ದಾಖಲಾಗದ ಹೊರಗ ಬಿಡಾಕ ಬರಬಾರದು, ಮಾಲೀಕರ ಲಾಗಿನ್‌ನಿಂದನೂ.

ಒಂದ ಲಾಟನ್ನ ಇಬ್ಬರು ಎರಡು ಕಂಪ್ಯೂಟರಿನಿಂದ ಒಂದ ಸಲಕ್ಕ ಹೊರಗ ಹಾಕೋದು. ಒಬ್ಬರಿಗೆ ತಡೀಬೇಕು. ತಡೀಲಿಲ್ಲಂದ್ರ ದಾಸ್ತಾನು ಮೈನಸ್ ತೋರಸತೈತಿ.

ಸೇವ್ ಒತ್ತಿದ ಕೂಡ್ಲೆ ನೆಟ್ ವೈರ್ ಕೀಳ್ರಿ, ಇನ್ನೊಮ್ಮೆ ಕರೆಂಟ್ ತಗೀರಿ. ಹೆಸ್ಕಾಂನವರು ಹೆಂಗೂ ಈ ಟೆಸ್ಟು ಪುಕ್ಕಟೆ ಮಾಡಿ ಕೊಡ್ತಾರ. ವಾಪಸ್ ಬಂದಾಗ ಬಿಲ್ಲು ಒಂದ ಇರಬೇಕು, ಎರಡಲ್ಲ, ಅರ್ಧನೂ ಅಲ್ಲ.

ಕಾಂಟಾ. ಆಫೀಸಿನ್ಯಾಗ ನಕಲಿ ತೂಕ ಕೊಟ್ಟು ತೋರಿಸ್ತಾರ. ಖರೇ ಕಾಂಟಾದ ಸೀರಿಯಲ್ ಕೇಬಲ್ಲಿಗೆ ಹಚ್ಚಿ, ಮುಳ್ಳು ಸ್ಥಿರ ಆಗೋ ಮೊದಲ ತೂಕ ಹಿಡಿತೈತೇನು ನೋಡ್ರಿ. ಈ ತಪ್ಪು ಬೆಂಗಳೂರಿನ ಲ್ಯಾಬಿನ್ಯಾಗ ಯಾವತ್ತೂ ಸಿಗಂಗಿಲ್ಲ.

ಮಾರ್ಚ್ 31ರ ರಾತ್ರಿ ಬಿಲ್ ನಂಬರ್ ಹೊಸ ಆರ್ಥಿಕ ವರ್ಷಕ್ಕ ಸರಿಯಾಗಿ ಬದಲಾಗತೈತೇನು ನೋಡ್ರಿ. ಬ್ಯಾಕಪ್ ‘ಐತಿ’ ಅಂದ್ರ ಸಾಲದು, ಖಾಲಿ ಮಷೀನಿನ್ಯಾಗ ವಾಪಸ್ ತರಸಿ ಎಷ್ಟು ತಾಸು ಹಿಡೀತು ಬರಕೋರಿ. ಟೆಸ್ಟ್ ಸರ್ವರಿಗೆ ರೈತರ ಖರೇ ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಕೊಡಬ್ಯಾಡ್ರಿ, ಮರೆಮಾಚಿ ಕೊಡ್ರಿ. 2023ರ ಡೇಟಾ ರಕ್ಷಣೆ ಕಾಯಿದೆ ಪ್ರಕಾರ ಹೊರಗಿನವರ ಕೈಯಾಗ ಕೊಟ್ರೂ ಜವಾಬ್ದಾರಿ ನಿಮ್ಮದ.

ಮತ್ತ ಶುರು ಮಾಡೋ ದಿನ. ಈಗ ಸಹಿ ಮಾಡಿದ್ರ ಆರು ತಿಂಗಳಿಗೆ ಎಲ್ಲಿ ಬಂದು ನಿಲ್ಲತೈತಿ ಎಣಸ್ರಿ. ಜನವರಿಯಿಂದ ಏಪ್ರಿಲ್ ಸುಗ್ಗಿಯಾಗ ಹೊಸ ಸಾಫ್ಟ್‌ವೇರ್ ಶುರು ಮಾಡೋದು ಬ್ಯಾಡೇ ಬ್ಯಾಡ. ಆವಕ ಕಡಿಮಿ ಇದ್ದಾಗ ಶುರು ಮಾಡಿ, ಹಳೇ ಖಾತೆನೂ ಜೋಡಿ ನಾಲ್ಕು ಮಾರ್ಕೆಟ್ ದಿನ ನಡಸ್ರಿ, ದಿನದ ಕೊನಿಗೆ ಎರಡೂ ತಾಳೆ ನೋಡ್ರಿ.

ಲೆಕ್ಕದ_ಗದಗ:
ತೆರಿಗೆ ದರ ಕೋಡಿನ್ಯಾಗ ಗಟ್ಟಿ ಬರದಾರೇನು ಕೇಳ್ರಿ. 2025ರ ಸೆಪ್ಟೆಂಬರ್ 22ಕ್ಕ ಜಿಎಸ್‌ಟಿ ದರ ಬದಲಾದಾಗ ಹಂಗ ಗಟ್ಟಿ ಬರದಿದ್ದ ಕಡೆ ಕೋಡನ್ನ ತಿದ್ದಸಬೇಕಾತು. ದರ, ಬಾಡಿಗಿ, ದಲಾಲಿ ಮೂರೂ ನೀವ ಪರದೆ ಮ್ಯಾಲೆ ತಾರೀಖು ಹಾಕಿ ಬದಲಿಸುವಂಗ ಇರಬೇಕು. ಹಳೇ ತಾರೀಖಿನ ಬಿಲ್ಲು ತಗದ್ರ ಹಳೇ ದರನ ಬರಬೇಕು, ಇದೂ ಒಂದು ಟೆಸ್ಟು. ವಹಿವಾಟು 5 ಕೋಟಿ ದಾಟಿದ್ರ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಾಗ ದಾಖಲಾಗೋ ಬಿಲ್ಲು) ಬೇಕಾಗಬಹುದು, ಅದಕ್ಕ ಸರ್ಕಾರದ ಪರೀಕ್ಷಾ ಪೋರ್ಟಲ್ ಐತಿ, ಅಲ್ಲಿ ಓಡಿಸಿ ತೋರಿಸು ಅನ್ರಿ.

ನವನಗರ_ಪ್ಲಾನು:
ಡೊಮೇನ್, ಕ್ಲೌಡ್ ಖಾತೆ, ಗಿಟ್ (ಕೋಡು ಕೂಡಿಡೋ ಜಾಗ) ಎಲ್ಲಾ ಮೊದಲನೇ ದಿನದಿಂದ ನಿಮ್ಮ ಇ-ಮೇಲ್ ಮ್ಯಾಲೆ. ಪ್ರತಿ ಕಂತಿಗೂ ಆ ಗಿಟ್‌ನಿಂದನ ಹೊಸ ಮಷೀನಿನ್ಯಾಗ ಕಟ್ಟಿ ಓಡಿಸಿ ತೋರಿಸಬೇಕು. ಮೊಬೈಲ್ ಆ್ಯಪ್ ಇದ್ರ ಪ್ಲೇ ಸ್ಟೋರಿನ ಖಾತೆ ಸಂಸ್ಥೆ ಹೆಸರಿನ್ಯಾಗ ತಗೀರಿ. ಹೊಸ ವೈಯಕ್ತಿಕ ಖಾತೆ ಆದ್ರ 12 ಮಂದಿ ಟೆಸ್ಟರ್‌ಗಳು ಸತತ 14 ದಿನ ಇರಬೇಕು ಅನ್ನೋ ನಿಯಮ ಬಂದು ಶುರು ಮಾಡೋ ತಾರೀಖು ಮುಂದ ಹೋಗತೈತಿ.

ತಾರಿಹಾಳ_ಕೋಡು:
ಇಷ್ಟೆಲ್ಲ ಅನುಬಂಧ 18 ಲಕ್ಷದಲ್ಲಿ ಬರುವುದಿಲ್ಲ ಎಂದು ಅವರು ಹೇಳಿದರೆ ಆಶ್ಚರ್ಯವಿಲ್ಲ. ಮೊದಲು 3 ವಾರದ ಅಧ್ಯಯನಕ್ಕೆ ಮಾತ್ರ ಬೇರೆ ಹಣ ಕೊಟ್ಟು ಒಪ್ಪಂದ ಮಾಡಿ. ಅದರಲ್ಲಿ ಈ ಒಪ್ಪಿಗೆ ಪಟ್ಟಿ ಬರೆಸಿ. ಪಟ್ಟಿ ನಿಮ್ಮದು, ಬೇಕಾದರೆ ಬೇರೆಯವರಿಗೂ ಕೊಟ್ಟು ರೇಟು ಕೇಳಬಹುದು.

ಮೋಟೆಬೆನ್ನೂರ_ಗೋದಾಮು:
ಇದು ಚಲೋ ಅನಸ್ತು. ಅಧ್ಯಯನಕ್ಕ ಬ್ಯಾರೆ ರೊಕ್ಕ, ಆಮ್ಯಾಲೆ 20% ಅಡ್ವಾನ್ಸ್, ನಾಲ್ಕು ತುಂಡು 12.5%ದಂಗ, ಒಪ್ಪಿಗೆಗೆ 15, ಮೂವತ್ತು ದಿನಕ್ಕ 10, ವಾರಂಟಿಗೆ 5. ಹಿಂಗ ಅವರಿಗೆ ಕಳಸ್ತೀನಿ. ವಾರಂಟಿ ಎಷ್ಟು ತಿಂಗಳು ಕೇಳ್ಲಿ?

ಲೆಕ್ಕದ_ಗದಗ:
ಅವರು ಮೂರು ಅಂತಾರ, ನೀವು ಒಂದು ಪೂರ್ತಿ ಸುಗ್ಗಿ ಅನ್ರಿ.

ಸಾಧನಕೇರಿ_ವಕೀಲಿ:
ಆದರೆ ಆ 5% ಸುಗ್ಗಿ ಮುಗಿಯುವವರೆಗೆ ಹಿಡಿದರೆ ಮೇಲೆ ಹೇಳಿದ 45 ದಿನದ ತಕರಾರು ಬರುತ್ತದೆ. ಕಂಪನಿ ಉದ್ಯಮ್ ನೋಂದಣಿಯದ್ದಾಗಿದ್ದರೆ ಪೂರ್ತಿ ಹಣ ಕೊಟ್ಟು, ಆ 5%ರಷ್ಟು ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿ ತೆಗೆದುಕೊಳ್ಳಿ.

ಮೋಟೆಬೆನ್ನೂರ_ಗೋದಾಮು:
ನೋಂದಣಿ ಐತಿಲ್ಲ ಅಂತ ನಾಳೆ ಕೇಳ್ತೀನ್ರಿ ಸರ.